ತಂಗಿಗೆ ಹೊರ ರಾಜ್ಯದಲ್ಲಿ ಬಿಎಸ್ಸಿ ಅಗ್ರಿ, ಕಮ್ಮಿ ಖರ್ಚಲ್ಲಿ ಆಗುತ್ತಾ?

ಮದ್ದೂರು_ಎಳನೀರು:
ಎಲ್ರಿಗೂ ನಮಸ್ಕಾರ. ನಮ್ದು ಮದ್ದೂರು ಹತ್ರ ಹಳ್ಳಿ. ತಂಗಿ ಸೆಕೆಂಡ್ ಪಿಯುಸಿ ಪಿಸಿಎಂಬಿ, ಓದೋದ್ರಲ್ಲಿ ಪರವಾಗಿಲ್ಲ ಆದ್ರೆ ದೊಡ್ಡ ರ‍್ಯಾಂಕ್ ಬರೋ ಥರ ಏನಿಲ್ಲ, ಬಿಎಸ್ಸಿ ಅಗ್ರಿನೇ ಬೇಕು ಅಂತ ಹಠ. ಹೋದ್ ಭಾನುವಾರ ಅಪ್ಪನಿಗೆ ಪರಿಚಯದೋರ ಕಡೆಯಿಂದ ಒಬ್ಬ ಏಜೆಂಟ್ ಮನೆಗೇ ಬಂದಿದ್ದ, ಅವ್ವ ಕೊಟ್ಟ ಕಾಫಿ ಕುಡ್ಕೊಂಡು ಫೋನಲ್ಲಿ ಬಿಲ್ಡಿಂಗು, ಸ್ವಿಮ್ಮಿಂಗ್ ಪೂಲು ಎಲ್ಲಾ ತೋರ್ಸಿ, ಹೊರ ರಾಜ್ಯದ ಪ್ರೈವೇಟ್ ಕಾಲೇಜು, ನಾಲ್ಕು ವರ್ಷಕ್ಕೆ ಹಾಸ್ಟೆಲ್ ಸೇರಿ 9 ಲಕ್ಷ ಪ್ಯಾಕೇಜು, ಈ ತಿಂಗ್ಳು 25 ಸಾವಿರ ಕಟ್ಟುದ್ರೆ ಸೀಟು ಬ್ಲಾಕು ಅಂದ. ನಮ್ಗಿರೋದು ಎರಡೂವರೆ ಎಕರೆ ಕಬ್ಬು, ಅದ್ರ ಬಿಲ್ಲೇ ಇನ್ನೂ ಬಂದಿಲ್ಲ. ಅಪ್ಪ ಆಗ್ಲೇ ಅವ್ವನ ಸರದ ಕಡೆ ನೋಡ್ತಾವ್ರೆ. ಹೊರಗಡೆ ನಿಜ್ವಾಗ್ಲೂ ಕಮ್ಮೀಲಿ ಓದೋಕೆ ದಾರಿ ಇದ್ಯಾ, ಗೊತ್ತಿರೋರು ಹೇಳಿ.

ಪೇಟೆ_ಹೈದ:
ಅಣ್ಣ ಮೊದ್ಲು ಆ 25 ಸಾವಿರ ಕಟ್ಬೇಡಿ. ನಾನು ಕೆ.ಆರ್.ಪೇಟೆಯೋನು, ಕೇರಳ ಕೃಷಿ ವಿವಿಲಿ, ತ್ರಿಶೂರ್ ಹತ್ರ ವೆಳ್ಳಾನಿಕ್ಕರದಲ್ಲಿ ಬಿಎಸ್ಸಿ ಅಗ್ರಿ ಮುಗ್ಸಿದ್ದು, ಸೀಟು ಸಿಕ್ಕಿದ್ದು ಐಸಿಎಆರ್ (ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತು) ಕೋಟಾದಲ್ಲಿ. ಬೇರೆ ಬೇರೆ ರಾಜ್ಯದ ಸರ್ಕಾರಿ ಕೃಷಿ ವಿವಿಗಳ ಸೀಟಲ್ಲಿ 20 ಪರ್ಸೆಂಟ್ ಈ ಆಲ್ ಇಂಡಿಯಾ ಕೋಟಾಗೆ ಹೋಗುತ್ತೆ, ಕರ್ನಾಲ್‌ದ ಹೈನುಗಾರಿಕೆ ಸಂಸ್ಥೆ ಎನ್‌ಡಿಆರ್‌ಐ, ಝಾನ್ಸಿ ಮತ್ತೆ ಬಿಹಾರದ ಪೂಸಾದ ಕೇಂದ್ರ ಕೃಷಿ ವಿವಿ ಇವುಗಳಲ್ಲಿ ಪೂರ್ತಿ ಸೀಟು ಇದ್ರಲ್ಲೇ. ನಮ್ ಕಾಲಕ್ಕೆ ಬೇರೆ ಎಕ್ಸಾಂ ಇತ್ತು, 2023ರಿಂದ ಸಿಯುಇಟಿ ಅನ್ನೋ ದೇಶಕ್ಕೆಲ್ಲಾ ಒಂದೇ ಪ್ರವೇಶ ಪರೀಕ್ಷೆಗೆ ಸೇರ್ಸಿದ್ದಾರೆ. ಕನ್ನಡದಲ್ಲೂ ಬರೀಬೋದು, ಸಿಲಬಸ್ಸು ಪಿಯುಸಿಲಿ ಓದೋ ಎನ್‌ಸಿಇಆರ್‌ಟಿನೇ. ಒಂದ್ ವಿಷ್ಯ ಸುಮಾರ್ ಜನ ಮರೀತಾರೆ, ಸಿಯುಇಟಿ ಬರೆದ್ರೆ ಸಾಲ್ದು, ರಿಸಲ್ಟ್ ಆದ್ಮೇಲೆ ಐಸಿಎಆರ್ ಕೌನ್ಸೆಲಿಂಗ್‌ಗೆ ಬೇರೆ ರಿಜಿಸ್ಟರ್ ಮಾಡ್ಬೇಕು. ನಮ್ ಫ್ರೆಂಡ್ ಒಬ್ಬ ಒಳ್ಳೆ ಸ್ಕೋರ್ ಇಟ್ಕೊಂಡು ಮನೇಲೇ ಕೂತಿದ್ದ ಪತ್ರ ಬರುತ್ತೆ ಅಂತ.

ಈ ಕೋಟಾದಲ್ಲಿ ಸ್ವಂತ ರಾಜ್ಯ ಬಿಟ್ಟು ಬೇರೆ ಕಡೆ ಸೇರಿದೋರಿಗೆ ಎನ್‌ಟಿಎಸ್ ಅಂತ ತಿಂಗಳ ಲೆಕ್ಕದ ಸ್ಕಾಲರ್‌ಶಿಪ್ ಇದೆ, ಹೊರಗೆ ಹೋಗಿದ್ದಕ್ಕೇ ಕೊಡೋದು. ಅದು ಸೇರಿ ಲೆಕ್ಕ ಹಾಕಿದ್ರೆ ನಿಮ್ ಏಜೆಂಟ್ ಒಂದು ವರ್ಷಕ್ಕೆ ಕೇಳೋ ದುಡ್ಡಲ್ಲಿ ನನ್ನ ನಾಲ್ಕು ವರ್ಷದ ಫೀಸು ಮುಗೀತು.

ಕಷ್ಟನೂ ಹೇಳ್ತೀನಿ. ಊರಿಗೆ ಬರೋದು ಬತ್ತೇರಿ, ಗುಂಡ್ಲುಪೇಟೆ ಮೇಲೆ, ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ರೋಡ್ ಕ್ಲೋಸು. ಒಂದ್ಸಲ ದಸರಾ ರಜೆಗೆ ಬರೋವಾಗ ಘಾಟಲ್ಲಿ ಟ್ರಾಫಿಕ್ ಆಗಿ ಮುತ್ತಂಗ ಚೆಕ್‌ಪೋಸ್ಟಿಗೆ ಬಂದಾಗ 9.10, ಗೇಟ್ ಹಾಕಿದ್ರು. ಬ್ಯಾಗ್ ತಲೆ ಕೆಳಗೆ ಇಟ್ಕೊಂಡು ಬಸ್ಸಲ್ಲೇ ಮಲ್ಗಿದ್ದು.

ನಾಲೆ_ಏರಿ:
ಅಲ್ಲ ಕಣಪ್ಪ, ಮಂಡ್ಯದೋರಾಗಿ ಬಾಗ್ಲಲ್ಲಿರೋ ವಿ.ಸಿ. ಫಾರಂ ಕೃಷಿ ಕಾಲೇಜು ಬುಟ್ಟು ಅಲ್ಲೆಲ್ಲೋ ಯಾಕೆ? ನಮ್ ರಾಜ್ಯದ ಸಿಇಟಿ, ಅದೇ ಕೆಸಿಇಟಿ ಬರೆಸಿ, ರೈತರ ಮಕ್ಕಳ ಕೋಟಾ ಐತೆ, ಅದಕ್ಕೆ ಪ್ರಾಕ್ಟಿಕಲ್ ಎಕ್ಸಾಂ ಮಾಡ್ತರೆ, ಬೀಜ ಗೊಬ್ಬರ ಕಳೆ ಎಲ್ಲ ಮುಂದೆ ಇಟ್ಟು ಇದೇನು ಅಂತ ಕೇಳ್ತರೆ. ಗದ್ದೇಲಿ ಬೆಳೆದ ಹುಡ್ಗೀಗೆ ಅದೇನ್ ಕಷ್ಟ. ಹೊರ ರಾಜ್ಯದಲ್ಲಿ ಈ ಕೋಟಾ ನಡಿಯಕಿಲ್ಲ. ಕೆಸಿಇಟಿ, ಸಿಯುಇಟಿ ಎರಡೂ ಬರೀಲಿ, ಯಾವ್ದು ಸಿಗುತ್ತೋ ಅದು.

ಪ್ರೈವೇಟ್ ಕಾಲೇಜು ಅಂದ್ರಲ್ಲ, ಐಸಿಎಆರ್ ಅಕ್ರೆಡಿಟೇಷನ್, ಅಂದ್ರೆ ಮಾನ್ಯತೆ, ಐತಾ ನೋಡಿ. ಇಲ್ದಿದ್ರೆ ನಾಳೆ ಎಂಎಸ್ಸಿಗೆ ಐಸಿಎಆರ್ ಎಕ್ಸಾಂ ಬರೆಯಂಗಿಲ್ಲ. ಇದನ್ನ ಯಾವ ಏಜೆಂಟೂ ಬಾಯ್ ಬಿಡಕಿಲ್ಲ.

ಸರಸ್ವತಿಪುರಂ_ಅಮ್ಮ:
ನನ್ನ ಮಗಳು ಹೋದ ವರ್ಷ ಇದೇ ಐಸಿಎಆರ್ ಕೌನ್ಸೆಲಿಂಗ್ ಮಾಡಿದ್ಲು, ಅದಕ್ಕೆ ಹೇಳ್ತಿದ್ದೀನಿ. ನಮ್ಮ ರಾಜ್ಯದ 2ಎ, 3ಎ ಸರ್ಟಿಫಿಕೇಟು ಅಲ್ಲಿ ನಡೆಯಲ್ಲ, ಕೇಂದ್ರದ ಒಬಿಸಿ ಪಟ್ಟಿನೇ ಬೇರೆ, ಅದ್ರಲ್ಲಿ ನಿಮ್ಮ ಜಾತಿ ಇದ್ಯಾ ಅಂತ ನೋಡ್ಕೊಳ್ಳಿ. ಇದ್ರೆ ಕೇಂದ್ರದ ಫಾರ್ಮ್ಯಾಟಲ್ಲೇ ತಗೋಬೇಕು. ಇಲ್ಲ ಅಂದ್ರೆ ಇಡಬ್ಲ್ಯೂಎಸ್ (ಬೇರೆ ಮೀಸಲಾತಿ ಇಲ್ದಿರೋ ಬಡವರ ಕೋಟಾ), ವರ್ಷಕ್ಕೆ 8 ಲಕ್ಷದೊಳಗೆ ಆದಾಯ, ಜಮೀನು 5 ಎಕರೆಗಿಂತ ಕಮ್ಮಿ ಇರ್ಬೇಕು. ನಾವು ಇದು ಗೊತ್ತಿಲ್ದೆ ಕೊನೇ ವಾರ ಓಡಾಡಿದ್ವಿ, ಸರ್ವರ್ ಡೌನು, ಸಾಹೇಬ್ರು ಮೀಟಿಂಗು, ಬಿಡಿ. ಈಗ್ಲೇ ಅರ್ಜಿ ಹಾಕಿ.

ಮದ್ದೂರು_ಎಳನೀರು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಐಸಿಎಆರ್ ಅಕ್ರೆಡಿಟೇಷನ್ ಲಿಸ್ಟ್ ತೆಗ್ದು ನೋಡ್ದೆ, ಆ ಕಾಲೇಜಿನ ಹೆಸ್ರಿಲ್ಲ. ಏಜೆಂಟ್‌ಗೆ ಫೋನ್ ಮಾಡಿ ಕೇಳುದ್ರೆ "ಪ್ರೋಸೆಸ್‌ನಲ್ಲಿದೆ ಸಾರ್, ಪಾಪು ಪಾಸಾಗೋ ಹೊತ್ಗೆ ಬಂದಿರುತ್ತೆ" ಅಂದ. ಅಪ್ಪ ಪಕ್ಕದಲ್ಲೇ ಕೂತು ಸ್ಪೀಕರಲ್ಲಿ ಕೇಳ್ತಿದ್ರು, ಏನೂ ಮಾತಾಡ್ದೆ ಎದ್ದು ಹಸುಗೆ ಹುಲ್ಲು ಹಾಕೋಕೆ ಹೋದ್ರು. ನಾಳೆ ನಾಡಕಚೇರಿಗೆ ಹೋಗ್ತೀನಿ. ಇನ್ನೊಂದ್ ಡೌಟು, ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ಅವ್ರು ತೀರ್ಕೊಂಡು ಆರು ವರ್ಷ ಆಯ್ತು. ರೈತರ ಕೋಟಾಗೆ ತೊಂದ್ರೆ ಆಗುತ್ತಾ?

ನಾಲೆ_ಏರಿ:
ಆರು ವರ್ಷದಿಂದ ಏನ್ ಮಾಡ್ತಿದ್ರಪ್ಪ! ನಾಳೆ ಹೆಂಗೂ ಹೋಗ್ತಿದ್ದೀಯಲ್ಲ, ತಾತನ ಡೆತ್ ಸರ್ಟಿಫಿಕೇಟು, ವಂಶವೃಕ್ಷ ತಗೊಂಡೋಗಿ ಪೌತಿ ಖಾತೆಗೂ (ತೀರ್ಕೊಂಡೋರ ಜಮೀನು ವಾರಸುದಾರರ ಹೆಸ್ರಿಗೆ ಮಾಡದು) ಅರ್ಜಿ ಕೊಟ್ಬುಡು.