ಹೆಣ್ಣಿನ ಮೇಲಿನ ಹಿಂಸೆಯ ಪುಸ್ತಕಗಳನ್ನು ಓದುವುದು ತಪ್ಪೇ?

ಪ್ರಶ್ನೆ: ನಮಸ್ಕಾರ ಮೇಡಂ. ಸ್ತ್ರೀಯರ ಅಪಹರಣ, ಅತ್ಯಾಚಾರ, ಕೊಲೆಗಳನ್ನು ಕುರಿತ ಕಾದಂಬರಿಗಳನ್ನೂ ನೈಜ ಪ್ರಕರಣಗಳ ಪುಸ್ತಕಗಳನ್ನೂ ನಾನು ಬಿಡದೆ ಓದುತ್ತೇನೆ. ಇತ್ತೀಚೆಗೆ ಮಲಗಿದ ಮೇಲೂ ಎದ್ದು ಹೋಗಿ ಬಾಗಿಲಿನ ಚಿಲಕ ನೋಡಿ ಬರುವಂತಾಗಿದೆ. ಇಂಥದ್ದನ್ನು ಓದುವುದೇ ವಿಕೃತಿ ಎಂದು ನನ್ನ ಪತಿ ಹೇಳುತ್ತಾರೆ. ನಾನು ಓದುವುದನ್ನು ನಿಲ್ಲಿಸಬೇಕೇ?

ಉತ್ತರ (ಆಪ್ತಸಮಾಲೋಚಕಿ): ವಿಕೃತಿ ಎಂಬ ಮಾತನ್ನು ಮೊದಲು ಬದಿಗಿಡಿ. ನೈಜ ಅಪರಾಧ ಕಥನಗಳತ್ತ ಪುರುಷರಿಗಿಂತ ಸ್ತ್ರೀಯರಿಗೇ ಒಲವು ಹೆಚ್ಚು ಎಂಬುದನ್ನು ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ ಎಂಬ ಮನೋವಿಜ್ಞಾನಿಗಳು 2010ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಅಪರಾಧಿಯ ಉದ್ದೇಶವೇನು, ಸಿಕ್ಕಿಬಿದ್ದವಳು ಹೇಗೆ ಪಾರಾದಳು ಎಂಬ ವಿವರಗಳಿದ್ದ ಪುಸ್ತಕಗಳು ಸ್ತ್ರೀಯರನ್ನು ಹೆಚ್ಚಾಗಿ ಸೆಳೆದವು. ಅಪಾಯವನ್ನು ಮೊದಲೇ ಅರಿತಿರಬೇಕೆಂಬ ಎಚ್ಚರ ಇದರ ಹಿಂದಿರಬಹುದು.

ಆದರೆ ಆ ಎಚ್ಚರ ಯಾರತ್ತ ತಿರುಗಿದೆ ಎಂಬುದನ್ನು ನೋಡಬೇಕು. ನೀವು ಚಿಲಕ ನೋಡುವುದು ಹೊರಗಿನವನಿಗೆ ಹೆದರಿ. ಜಗತ್ತಿನಲ್ಲಿ ಸುಮಾರು ಮೂವರಲ್ಲಿ ಒಬ್ಬ ಮಹಿಳೆ ಜೀವನದಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿರುತ್ತಾಳೆಂದೂ, ಅದರಲ್ಲಿ ಬಹುಪಾಲು ಸಂಗಾತಿಯಿಂದಲೇ ಆಗುವಂಥದ್ದೆಂದೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಕತ್ತಲಲ್ಲಿ ಹೊಂಚುಹಾಕುವ ಅಪರಿಚಿತನನ್ನೇ ಮತ್ತೆಮತ್ತೆ ತೋರಿಸುವ ಪುಸ್ತಕ ಭಯವನ್ನು ಬೆಳೆಸುತ್ತದೆಯೇ ಹೊರತು ತಿಳಿವಳಿಕೆಯನ್ನಲ್ಲ. (ರೋಚಕತೆಗೆ ಅಪರಿಚಿತನೇ ಅನುಕೂಲ, ಲೇಖಕರು ಅವನನ್ನು ಸುಲಭವಾಗಿ ಬಿಡುವುದಿಲ್ಲ.)

ಇನ್ನೊಂದು ವಿಷಯವನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ಹಿಂಸೆಯ ದೃಶ್ಯ ಬಂದಾಗ ಪುಸ್ತಕ ನಿಮ್ಮನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದನ್ನು ಗಮನಿಸಿ. ಸತ್ತವಳ ದೇಹವನ್ನು ಪುಟಗಟ್ಟಲೆ ವರ್ಣಿಸಿ, ಅವಳ ಕೆಲಸ, ಗೆಳತಿಯರು, ಮುಂಗೋಪಗಳಿಗೆ ಒಂದು ಸಾಲನ್ನೂ ಕೊಡದ ಪುಸ್ತಕದಲ್ಲಿ ಓದುಗರು ಹಿಂಸಿಸುವವನ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ. ಅವಳ ಮಾತನ್ನು ಊರವರು ಏಕೆ ನಂಬಲಿಲ್ಲ, ದೂರು ಏಕೆ ದಾಖಲಾಗಲಿಲ್ಲ ಎಂದು ವಿಚಾರಿಸುವ ಪುಸ್ತಕ ಅಷ್ಟೇ ಕರಾಳವಾಗಿದ್ದರೂ ಅದರ ಓದು ಬೇರೆಯದೇ.

ಆದ್ದರಿಂದ ಓದನ್ನು ನಿಲ್ಲಿಸಬೇಕಿಲ್ಲ. ಮಲಗುವ ವೇಳೆಯಲ್ಲಿ ಮಾತ್ರ ಬೇಡ. ಪುಸ್ತಕ ಮುಚ್ಚಿ ವಾರಗಳಾದರೂ ದೃಶ್ಯಗಳು ತಾವಾಗಿಯೇ ಕಣ್ಮುಂದೆ ಬರುತ್ತಿದ್ದರೆ, ನಿದ್ರೆ ಕೆಡುತ್ತಿದ್ದರೆ, ಒಬ್ಬರೇ ಹೊರಗೆ ಹೋಗುವುದನ್ನು ಬಿಟ್ಟಿದ್ದರೆ, ಆಗ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ.

ಮತ್ತೊಬ್ಬರ ಪ್ರಶ್ನೆ: ನಾನು ಸ್ವತಃ ದೌರ್ಜನ್ಯ ಅನುಭವಿಸಿದವಳು. ಇಂಥ ಪುಸ್ತಕ ಓದಿದರೆ ಧೈರ್ಯ ಬರುತ್ತದೆಂದು ಗೆಳತಿ ಒತ್ತಾಯಿಸುತ್ತಾಳೆ. ಎರಡು ಪುಟ ದಾಟುವಷ್ಟರಲ್ಲಿ ಕೈ ನಡುಗುತ್ತದೆ.

ಉತ್ತರ: ಓದಬೇಡಿ. ಚಿಕಿತ್ಸೆಯಲ್ಲೂ ಕಹಿ ನೆನಪುಗಳನ್ನು ಎದುರಿಸುವ ಕ್ರಮ ಉಂಟು, ನಿಜ. ಆದರೆ ಅಲ್ಲಿ ತರಬೇತಿ ಪಡೆದವರೊಬ್ಬರು ಎದುರಿಗಿದ್ದು, ನಿಮ್ಮ ಒಪ್ಪಿಗೆಯಿಂದ, ನಿಮಗೆ ತಾಳುವಷ್ಟೇ ವೇಗದಲ್ಲಿ ಮುಂದುವರಿಯುತ್ತಾರೆ. ಮುಂದಿನ ಪುಟದಲ್ಲಿ ಏನಿದೆ ಎಂಬುದನ್ನು ಪುಸ್ತಕ ನಿಮ್ಮನ್ನು ಕೇಳಿ ತೀರ್ಮಾನಿಸುವುದಿಲ್ಲ. ಮುಂದೆಂದಾದರೂ ನಿಮಗೇ ಓದಬೇಕೆನ್ನಿಸಿದರೆ, ಅದನ್ನು ಈಗಾಗಲೇ ಓದಿರುವ ನಂಬಿಕಸ್ಥರಿಂದ ಯಾವ ಅಧ್ಯಾಯದಲ್ಲಿ ಏನಿದೆಯೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಗೆಳತಿಗೆ ಕಾರಣ ಕೊಡಬೇಕಾಗಿಲ್ಲ, ಪುಸ್ತಕ ಹಿಂದಿರುಗಿಸಿದರೆ ಸಾಕು.