‘ಬಾಡಿಗೆ ಮನೆ’ ಅಂದರೆ ಯಾರ ಮನೆ?

ಗೆಳೆಯರೇ,

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಕಟ್ಟಬೇಕಾದ ತೆರಿಗೆಯ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹ ಹೀಗೆ ಹಾಕಿದ್ದೆ: ‘ಎರಡನೇ ಮನೆ, ಬಾಡಿಗೆ ಮನೆಗೆ ಜಾಸ್ತಿ ತೆರಿಗೆ’. ಓದಿದ ತಂಗಿ ಕೇಳಿದಳು, “ಪಾಪ, ಬಾಡಿಗೆಗೆ ಇರೋರು ಯಾಕೆ ತೆರಿಗೆ ಕಟ್ಟಬೇಕು?”

ತಪ್ಪು ಅವಳದಲ್ಲ. ‘ಬಾಡಿಗೆ ಮನೆಯಲ್ಲಿದ್ದೇವೆ’, ‘ಬಾಡಿಗೆ ಮನೆ ಹುಡುಕುತ್ತಿದ್ದೇವೆ’ ಎಂದು ಹೇಳುವವರು ಬಾಡಿಗೆ ಕಟ್ಟುವವರು. ಮಾಲೀಕರು ಹಾಗನ್ನುವುದಿಲ್ಲ. ‘ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೀವಿ’ ಅಂತಾರೆ. ಅಂದರೆ ಅದೇ ಮನೆಗೆ ಬಾಡಿಗೆದಾರನ ಕಡೆಯಿಂದ ಒಂದು ಹೆಸರಿದೆ, ಮಾಲೀಕನ ಕಡೆಯಿಂದ ಬರೀ ಕ್ರಿಯಾಪದ ಇದೆ. ನನಗೆ ಬೇಕಾಗಿರುವುದು ಮಾಲೀಕನ ಕಡೆಯ ಹೆಸರು.

ಇಂಗ್ಲೆಂಡಿನವರು ಬಾಡಿಗೆಗೆ ಕೊಡಲೆಂದೇ ಕೊಂಡ ಮನೆಗೆ ‘ಬೈ ಟು ಲೆಟ್’ ಅನ್ನುತ್ತಾರೆ. ಪದಕ್ಕೆ ಪದ ಇಟ್ಟು ‘ಕೊಂಡು ಬಿಡುವ ಮನೆ’ ಎಂದು ಬರೆದು ನೋಡಿದೆ. ಜೋರಾಗಿ ಓದಿದ ಮೇಲೆ ನಗು ಬಂತು. ‘ಕೊಂಡುಬಿಡು, ಜಾಸ್ತಿ ಯೋಚನೆ ಮಾಡಬೇಡ’ ಅನ್ನುವ ಹಾಗಿದೆ! ನಮ್ಮ ‘ಬಿಡು’ ಎಲ್ಲಿ ಬಂದರೂ ಹೀಗೇ ಕಾಲು ಎಳೆಯುತ್ತದೆ. ‘ಬಾಡಿಗೆಗೆ ಬಿಡುವ ಮನೆ’ ಪರವಾಗಿಲ್ಲ, ಆದರೆ ಲೇಖನದಲ್ಲಿ ಇಪ್ಪತ್ತು ಸಲ ಬರುವ ಪದಕ್ಕೆ ಉದ್ದವಾಯಿತು. ‘ಬಾಡಿಗೆ ಬರುವ ಮನೆ’ ಎಂಬ ಮಾತನ್ನು ನಮ್ಮ ಕಡೆ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ‘ಎರಡು ಬಾಡಿಗೆ ಬರೋ ಮನೆ ಇದೆ’ ಅಂದರೆ ಯಾರದು ಎಂಬ ಗೊಂದಲವೇ ಇಲ್ಲ. ನನ್ನ ಒಲವು ಸದ್ಯಕ್ಕೆ ಇದರ ಕಡೆ.

‘ಎರಡನೇ ಮನೆ’ಯದು ಇನ್ನೂ ದೊಡ್ಡ ತಲೆನೋವು. (‘ಅವನು ಎರಡು ಮನೆ ಮಾಡಿಕೊಂಡಿದ್ದಾನೆ’ ಎಂಬ ಮಾತಿನ ಕಿಡಿಗೇಡಿ ಅರ್ಥ ಹಾಗಿರಲಿ.) ಕಾನೂನು ಎಣಿಸುವುದೇ ಬೇರೆ ಥರ. ಒಬ್ಬರಿಗೆ ವಾಸದ ಮನೆ ಒಂದು, ಬಾಡಿಗೆ ಬರುವ ಮನೆ ಒಂದು ಇದೆ ಅನ್ನಿ. ವಾಸದ ಮನೆ ಮಾರಿ ಅದರ ಬದಲು ವಾಸಕ್ಕೆ ಇನ್ನೊಂದು ಕೊಂಡರೆ, ಕೈಯಲ್ಲಿ ಎರಡು ಮನೆ ಇದ್ದರೂ ಸಾಮಾನ್ಯವಾಗಿ ಹೆಚ್ಚಿನ ತೆರಿಗೆ ಇಲ್ಲ. ಇನ್ನೊಬ್ಬರು ಇಂಗ್ಲೆಂಡಿನಲ್ಲಿ ಕೊಳ್ಳುತ್ತಿರುವುದು ಮೊದಲನೇ ಮನೆಯೇ, ಆದರೆ ಬೇರೆ ದೇಶದಲ್ಲಿ ಅವರ ಹೆಸರಿಗೆ ಒಂದು ಮನೆ ಇದೆ. ಅದೂ ಲೆಕ್ಕಕ್ಕೆ ಬರುತ್ತದೆ, ತೆರಿಗೆ ಬೀಳುತ್ತದೆ. ಇಂಥ ಕಡೆ ‘ಎರಡನೇ’ ಅಂದರೆ ಓದುಗರು ದಾರಿ ತಪ್ಪುವುದಿಲ್ಲವೇ? ಕಾನೂನಿನ ಭಾಷೆಯಂತೆ ‘ಹೆಚ್ಚುವರಿ ಮನೆ’ ಅನ್ನಬಹುದು. ಆಗ ‘ಹೆಚ್ಚುವರಿ ಮನೆಗೆ ಹೆಚ್ಚುವರಿ ತೆರಿಗೆ’ ಎಂದು ನಾಲಿಗೆ ತೊಡರುತ್ತದೆ. ತೆರಿಗೆಗೆ ‘ಮೇಲ್ತೆರಿಗೆ’ ಹಾಕಿದರೆ ಸರಿಹೋದೀತು. ಈ ಮೇಲ್ತೆರಿಗೆ ಅಲ್ಲಿ 2016ರ ಏಪ್ರಿಲ್‌ನಲ್ಲಿ ಮನೆ ಬೆಲೆಯ ಶೇ. 3ರಿಂದ ಶುರುವಾಗಿ, 2024ರ ಅಕ್ಟೋಬರ್ 31ರಿಂದ ಶೇ. 5 ಆಗಿದೆ. ಮೊತ್ತ ಸಣ್ಣದಲ್ಲ. 3 ಲಕ್ಷ ಪೌಂಡಿನ ಮನೆಗೆ, 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ, ವಾಸದ ಮನೆ ಬದಲಾಯಿಸುವವರು 5,000 ಪೌಂಡ್ ಕಟ್ಟಿದರೆ ಹೆಚ್ಚುವರಿಯಾಗಿ ಕೊಳ್ಳುವವರು 20,000 ಕಟ್ಟಬೇಕು.

ಮೂಲ ತೆರಿಗೆಯ ಹೆಸರಿಗೆ ‘ಮುದ್ರಾಂಕ ಶುಲ್ಕ’ವನ್ನೇ ಇಟ್ಟುಕೊಂಡಿದ್ದೇನೆ. ಅಲ್ಲಿ ಈಗ ಕಾಗದಕ್ಕೆ ಮುದ್ರೆ ಬೀಳುವುದಿಲ್ಲ ನಿಜ. 2003ರ ಡಿಸೆಂಬರಿನಿಂದ ಮನೆ, ಜಮೀನಿನ ಮಟ್ಟಿಗೆ ಕೊಂಡವರೇ ಲೆಕ್ಕ ಸಲ್ಲಿಸಿ ಕಟ್ಟುವ ತೆರಿಗೆ ಆಗಿದೆ. ಆದರೂ 1694ರಲ್ಲಿ ಕಾಗದಪತ್ರಗಳ ಮೇಲೆ ಈ ಶುಲ್ಕ ಶುರುವಾದಾಗಿನ ಮುದ್ರೆ ‘ಸ್ಟಾಂಪ್ ಡ್ಯೂಟಿ’ ಎಂಬ ಇಂಗ್ಲಿಷ್ ಹೆಸರಲ್ಲಿ ಹಾಗೇ ಕೂತಿದೆ. ಅವರೇ ಬಿಡದ್ದನ್ನು ನಾನ್ಯಾಕೆ ಬಿಡಲಿ! ಸುಮ್ನೆ ‘ಆಸ್ತಿ ತೆರಿಗೆ’ ಅಂದರೆ ವರ್ಷವರ್ಷ ಕಟ್ಟುವುದು ನೆನಪಾಗುತ್ತದೆ, ಅದು ಬೇಡ.

ತಲೆಬರಹ ಈಗ ಹೀಗಿದೆ: ‘ಇನ್ನೊಂದು ಮನೆ ಕೊಂಡರೆ ಮೇಲ್ತೆರಿಗೆ: ಬಾಡಿಗೆ ಬರುವ ಮನೆಗೂ ಇದೆ’. ‘ಇನ್ನೊಂದು’ ಅಂದರೆ ಎಣಿಕೆಯ ಜಗಳ ತಪ್ಪುತ್ತದೆ ಅಲ್ವಾ? ಮಾಲೀಕನ ಕಡೆಯಿಂದ ಹೇಳುವ ಇದಕ್ಕಿಂತ ಚಿಕ್ಕ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ. ಮಂಗಳೂರು, ಧಾರವಾಡದ ಕಡೆಯವರು ಏನನ್ನುತ್ತಾರೆ ಎಂಬ ಕುತೂಹಲವೂ ಇದೆ.