ಪದಚರ್ಚೆ: ‘ತೆಗೆದುಹಾಕುವ ಹಲ್ಲು’ ಅಂದರೆ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಹಲ್ಲು ಹೋದವರಿಗೆ ಸೆಟ್ಟು ಮಾಡಿಕೊಡುವ ವಿಭಾಗದಲ್ಲಿ ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಓದಲು ಬರುವುದು ಕನ್ನಡ ಮಾತ್ರ. ಅವರ ಕೈಗೆ ಕೊಡುವ ಕರಪತ್ರವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಪದ ಎಡವಿದರೆ ಬಾಯಲ್ಲಿ ಹುಣ್ಣು ಮಾಡಿಕೊಂಡು ಕೂರುವವರು ಅವರು. ಅದಕ್ಕೇ ಅಚ್ಚಿಗೆ ಕೊಡುವ ಮುಂಚೆ ನಿಮ್ಮನ್ನು ಕೇಳುತ್ತಿದ್ದೇನೆ.

ಹಳೆಯ ಕರಪತ್ರದಲ್ಲಿ ‘ತೆಗೆದುಹಾಕುವ ಹಲ್ಲುಗಳು’ ಎಂಬ ತಲೆಬರಹವಿತ್ತು. ‘ರಿಮೂವಬಲ್’ ಅನ್ನುವುದನ್ನು ಯಾರೋ ಹಾಗೇ ಇಳಿಸಿದ್ದರು. ಒಬ್ಬ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿ, ಎದುರಿಗಿದ್ದ ಚಿಕ್ಕ ವಯಸ್ಸಿನ ಡಾಕ್ಟರನ್ನು ಕೇಳಿದರು: ‘ಇರೋವೇ ನಾಕು ಹಲ್ಲು. ಅವನ್ನೂ ತೆಗೆದ್ಹಾಕ್ತೀರೇನಪ್ಪಾ?’ ಅಜ್ಜಿ ಓದಿದ್ದೇ ಸರಿಯಾದ ಕನ್ನಡ. ಕಳೆ ತೆಗೆದುಹಾಕು, ಪಟ್ಟಿಯಿಂದ ಹೆಸರು ತೆಗೆದುಹಾಕು ಎನ್ನುವಾಗ ‘ಹಾಕು’ವಿಗೆ ತೊಡುವ ಅರ್ಥವೇ ಇಲ್ಲ, ಕೆಲಸ ಪೂರ್ತಿ ಮುಗಿಯಿತು ಎಂದಷ್ಟೇ ಅದು ಹೇಳುತ್ತದೆ. ‘ತೆಗೆದು ಹಾಕುವ’ ಎಂದು ಬಿಡಿಸಿ ಬರೆದರೂ ಕಣ್ಣು ಕೂಡಿಸಿಕೊಂಡೇ ಓದುತ್ತದೆ. ‘ಹಾಕಿ ತೆಗೆಯುವ ಹಲ್ಲು’ ಎಂದು ಕ್ರಮ ತಿರುಗಿಸಿದರೆ ಗೊಂದಲ ಹೋಗುತ್ತದೆ ಅನ್ನಿಸುತ್ತದೆ. ‘ಹಾಕಿಕೊಳ್ಳುವ ಹಲ್ಲು’ ಅನ್ನಲೂಬಹುದು. ಅಂಗಿ, ಚಪ್ಪಲಿ, ಕನ್ನಡಕ ಎಲ್ಲದಕ್ಕೂ ನಾವು ಅನ್ನುವುದು ಹಾಗೇ ತಾನೇ. ನಿಮ್ಮ ಕಿವಿಗೆ ಯಾವುದು ಹಿತ?

ಇದಕ್ಕೆ ಎದುರು ಪದ ಇನ್ನೂ ತೊಡಕಿನದು. ಪಕ್ಕದ ಹಲ್ಲುಗಳಿಗೆ ಅಂಟಿಸಿ ಕೂರಿಸುವ ಬ್ರಿಜ್ಜನ್ನು ಕೆಲವರು ‘ಶಾಶ್ವತ ಹಲ್ಲು’ ಎಂದು ಬರೆಯುತ್ತಾರೆ. ಆದರೆ ಹಾಲುಹಲ್ಲು ಬಿದ್ದ ಮೇಲೆ ಬರುವುದಕ್ಕೆ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಆಗಲೇ ಆ ಹೆಸರು ನಿಂತಿದೆ. ಜನ ‘ಫಿಕ್ಸ್ ಹಲ್ಲು’ ಅನ್ನುತ್ತಾರೆ, ನಾನೂ ಅದನ್ನೇ ಉಳಿಸಿಕೊಳ್ಳುತ್ತೇನೆ. ಬೇರಿನ ಬದಲು ದವಡೆಯ ಮೂಳೆಗೆ ಕೂರಿಸುವ ಲೋಹದ ಸ್ಕ್ರೂ, ಅಂದರೆ ಇಂಪ್ಲಾಂಟಿಗೆ, ‘ಸ್ಕ್ರೂ ಹಲ್ಲು’ ಎಂಬ ಮಾತು ಓಡಾಡುತ್ತಿದೆ. ಅಲ್ಲೊಂದು ಸಿಕ್ಕು: ಕೆಳದವಡೆಯ ಮೂಳೆಗೆ ಎರಡು ಇಂಪ್ಲಾಂಟ್ ಕೂರಿಸಿ, ಅದರ ಮೇಲೆ ಸೆಟ್ಟನ್ನು ಒತ್ತಿ ಸಿಕ್ಕಿಸುವ ಕ್ರಮವಿದೆ. ಕೆಳಗಿನ ಸೆಟ್ಟು ಅಲುಗಾಡಿ ಹೈರಾಣಾದವರಿಗೆ ಅದು ನಿಜವಾಗಿ ಒಳ್ಳೆಯದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹಲ್ಲೇ ಇಲ್ಲದ ಕೆಳದವಡೆಗೆ ಮೊದಲ ಆಯ್ಕೆ ಅದಾಗಬೇಕು ಎಂದಿದ್ದರು. ಸ್ಕ್ರೂ ಮೂಳೆಯಲ್ಲೇ ಇರುತ್ತದೆ, ಸೆಟ್ಟನ್ನು ದಿನವೂ ತೆಗೆದು ತೊಳೆಯಬೇಕು. ‘ಸ್ಕ್ರೂ ಹಲ್ಲು’ ಎಂದು ಕೇಳಿ ಒಪ್ಪಿದವರು, ತೆಗೆಯಬೇಕು ಎಂದಾಗ ಮೋಸಹೋದೆವು ಅಂದುಕೊಳ್ಳುತ್ತಾರೆ. ‘ಸ್ಕ್ರೂ ಮೇಲಿನ ಸೆಟ್ಟು’ ಸಾಕೇ?

ಜನರ ಬಾಯಲ್ಲಿರುವ ಕ್ರಿಯಾಪದ ‘ಹಲ್ಲು ಕಟ್ಟಿಸು’. ಮನೆ ಕಟ್ಟಿಸು, ಕೆರೆ ಕಟ್ಟಿಸು, ಹಲ್ಲು ಕಟ್ಟಿಸು. ಇದು ನನಗೆ ಬಹಳ ಇಷ್ಟ. ಬ್ರಿಜ್ಜು, ಇಂಪ್ಲಾಂಟು, ಸೆಟ್ಟು ಎಲ್ಲವೂ ಅದರೊಳಗೆ ಬರುವುದರಿಂದ, ಮುಖಪುಟಕ್ಕೆ ‘ಹಲ್ಲು ಕಟ್ಟಿಸಿಕೊಳ್ಳುವವರಿಗೆ’ ಎಂದಿಟ್ಟು, ವಿಂಗಡಣೆಯನ್ನು ಒಳಪುಟಕ್ಕೆ ಬಿಡುವುದೆಂದು ಯೋಚನೆ. ‘ಕೃತಕ ದಂತಪಂಕ್ತಿ’ ಬೋರ್ಡಿನ ಮೇಲೆ ಇರಲಿ. ‘ದಂತ’ ಎಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಆನೆಯ ದಂತವೇ. (ಸೆಟ್ಟನ್ನು ನಿಜವಾಗಿಯೂ ದಂತದಲ್ಲಿ ಕೊರೆಯುತ್ತಿದ್ದ ಕಾಲವಿತ್ತು. 1789ರಲ್ಲಿ ಅಮೆರಿಕದ ಅಧ್ಯಕ್ಷರಾದಾಗ ಜಾರ್ಜ್ ವಾಷಿಂಗ್ಟನ್ ಬಾಯಲ್ಲಿ ಉಳಿದಿದ್ದದ್ದು ಸ್ವಂತದ ಒಂದೇ ಹಲ್ಲು. ಅವರ ಸೆಟ್ಟು ಮರದ್ದು ಎಂಬುದು ಕಟ್ಟುಕಥೆ. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ ಇವೆಲ್ಲ ಅದರಲ್ಲಿದ್ದವು.) ‘ನಕಲಿ ಹಲ್ಲು’, ‘ಸುಳ್ಳು ಹಲ್ಲು’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅದೇ ಹಲ್ಲಿನಲ್ಲಿ ಮೂರು ಹೊತ್ತು ಉಣ್ಣುವವರಿಗೆ ಹಾಗನ್ನಬಾರದು.

ಇನ್ನೊಂದು ಪದ ಮೂಳೆಗೆ ಸಂಬಂಧಿಸಿದ್ದು. ಎರಡು ಮೂರು ವರ್ಷವಾದ ಮೇಲೆ ಬಂದು ‘ಸೆಟ್ಟು ದೊಡ್ಡದಾಗಿದೆ’ ಅನ್ನುತ್ತಾರೆ. ಸೆಟ್ಟು ಇದ್ದ ಹಾಗೇ ಇರುತ್ತದೆ; ಬೇರು ಹೋದ ಮೇಲೆ ಒಸಡಿನ ಕೆಳಗಿನ ಮೂಳೆ ಕಡಿಮೆಯಾಗುತ್ತ ಹೋಗುತ್ತದೆ. ಹಲ್ಲು ಕಿತ್ತ ಮೊದಲ ವರ್ಷ ವೇಗ ಹೆಚ್ಚು, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಮೇಲಿನದಕ್ಕಿಂತ ಕೆಳದವಡೆಯಲ್ಲಿ ಇದು ಸುಮಾರು 4 ಪಟ್ಟು. ‘ಕರಗುತ್ತದೆ’ ಎಂದು ಬರೆದರೆ ಹೆದರುತ್ತಾರೆ. ‘ಸವೆಯುತ್ತದೆ’ ಎಂದರೆ ಸೆಟ್ಟೇ ಉಜ್ಜಿ ಉಜ್ಜಿ ಸವೆಸಿತು ಎಂಬ ಅರ್ಥ ಬಂದು, ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ‘ತಗ್ಗುತ್ತದೆ’ ಎಂದು ಬರೆದಿದ್ದೇನೆ. ಸಡಿಲವಾದ ಸೆಟ್ಟಿನ ಒಳಮೈಗೆ ಹೊಸ ಪದರ ಕೊಡುವುದಕ್ಕೆ ದರ್ಜಿಗಳ ‘ಅಸ್ತರ’ ಒಗ್ಗೀತೇ? ‘ಅಸ್ತರ ಕೊಡಿಸಿದರೆ ಮತ್ತೆ ಬಿಗಿಯಾಗುತ್ತದೆ’ ಅಂದರೆ ತಿಳಿಯುತ್ತದೆಯೇ ಹೇಳಿ.

ನಿಮ್ಮ ನೆರವು ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಉಚ್ಚಾರದಲ್ಲಿ. ಅಳತೆ ತೆಗೆದು, ಮೇಣದ ಮೇಲೆ ಹಲ್ಲು ಜೋಡಿಸಿ, ಒಮ್ಮೆ ಬಾಯಲ್ಲಿಟ್ಟು ನೋಡುವ ದಿನವೊಂದಿರುತ್ತದೆ. ಹಲ್ಲು ಹಿಂದೆ ಮುಂದೆ ಸರಿಸುವುದಿದ್ದರೆ ಅಂದೇ ಸರಿಸಬೇಕು. ಮೇಣ ಹೋಗಿ ಅಕ್ರಿಲಿಕ್ ಆದ ಮೇಲೆ ಆಗದು. ಆಗ ಮಾತಾಡಿಸಿ ನೋಡುತ್ತೇವೆ. ‘ಸ’ ಅನ್ನುವಾಗ ಮೇಲಿನ ಕೆಳಗಿನ ಮುಂಬಲ್ಲುಗಳು ತೀರ ಹತ್ತಿರ ಬರಬೇಕು, ತಾಗಬಾರದು. ಟಕ್ ಎಂದು ತಾಗಿದರೆ ಸೆಟ್ಟಿನ ಎತ್ತರ ಹೆಚ್ಚಾಯಿತು ಎಂದರ್ಥ. ಇಂಗ್ಲಿಷಿನವರು ಇದಕ್ಕೆ ಸಿಕ್ಸ್‌ಟಿಯಿಂದ ಮುಂದಕ್ಕೆ ಎಣಿಸಿ ಅನ್ನುತ್ತಾರೆ. ನಮ್ಮಲ್ಲೂ ಕಲಿತದ್ದು ಕಲಿತ ಹಾಗೆ ‘ಅರವತ್ತರಿಂದ ಎಣಿಸಿ’ ಅಂದುಬಿಡುತ್ತಾರೆ. ಅರವತ್ತರಿಂದ ಎಪ್ಪತ್ತರವರೆಗೆ ಒಂದೇ ಒಂದು ‘ಸ’ ಇಲ್ಲ! ಕನ್ನಡದ ಎಣಿಕೆಯಲ್ಲಿ ಸಾವಿರದವರೆಗೆ ಹೋದರೂ ಸಿಗುವುದು ಸೊನ್ನೆಯಲ್ಲಿ, ಸಾವಿರದಲ್ಲಿ. ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಕೂಡ ನಾಲಗೆಗೆ ಕಸರತ್ತು ಕೊಡುತ್ತದೆಯೇ ಹೊರತು ಅದರಲ್ಲೂ ‘ಸ’ ಇಲ್ಲ.

ಮೂವತ್ತರಿಂದ ಅರವತ್ತೊಂಬತ್ತರವರೆಗಿನ ಎಣಿಕೆ ಬೇರೆ ಕೆಲಸಕ್ಕೆ ಬರುತ್ತದೆ. ಐವತ್ತೈದು ಅನ್ನಿಸಿ ನೋಡಿ: ‘ವ’ಕ್ಕೆ ಮೇಲಿನ ಹಲ್ಲಿನ ಅಂಚು ಕೆಳತುಟಿಯ ಹತ್ತಿರ ಬರುತ್ತದೆ, ‘ತ’ ‘ದ’ಗಳಿಗೆ ನಾಲಗೆಯ ತುದಿ ಹಲ್ಲಿನ ಹಿಂಬದಿಗೆ ತಾಗುತ್ತದೆ. ನಮ್ಮ ವ್ಯಾಕರಣ ಇವನ್ನು ದಂತ್ಯ ಅಂದದ್ದು ಸುಮ್ಮನೆ ಅಲ್ಲ. ಇಂಗ್ಲಿಷಿನ ‘ಟಿ’ ‘ಡಿ’ ಹಲ್ಲಿನ ಹಿಂದಿನ ಏಣಿನ ಮೇಲೆ ನಿಲ್ಲುವುದರಿಂದ, ಮುಂಬಲ್ಲು ತುಸು ಹಿಂದೆ ಮುಂದೆ ಆದರೆ ಅವರಿಗಿಂತ ನಮಗೆ ಬೇಗ ಗೊತ್ತಾಗುತ್ತದೆ. ಮೇಲಿನ ಸೆಟ್ಟಿನ ತಟ್ಟೆ ಅಂಗುಳವನ್ನು ಪೂರ್ತಿ ಮುಚ್ಚುತ್ತದೆ, ದಪ್ಪ ಸುಮಾರು 2 ಮಿಲಿಮೀಟರ್. ನಾಲಗೆ ಮಡಿಸಿ ಅನ್ನಬೇಕಾದ ಟ, ಡ, ಣ, ಳ ಬೀಳುವುದು ಅದರ ಮೇಲೆಯೇ. ಹೊಸದಾಗಿ ಹಾಕಿಕೊಂಡವರ ‘ಳ’ ಮೊದಲ ವಾರಗಳಲ್ಲಿ ತೊದಲುತ್ತದೆ. ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಕ್ರಮೇಣ ಸರಿಹೋಗುತ್ತದೆ.

ನಾನು ಹೊಸೆದದ್ದು ಇವು: ‘ಸೊಸೆ ಸಾಸಿವೆ ಸಿಡಿಸಿ ಸಾರಿಗೆ ಸುರಿದಳು’, ‘ತಾತ ದನ ತಂದ’, ‘ಹಳ್ಳದ ದಡದಲ್ಲಿ ಕಳ್ಳಿ ಗಿಡ’. ಕೊನೆಯದರಲ್ಲಿ ‘ದಡ’ ಒಂದೇ ಪದದೊಳಗೆ ನಾಲಗೆಯನ್ನು ಹಲ್ಲಿನಿಂದ ಅಂಗುಳಕ್ಕೆ ಎಳೆಯುತ್ತದೆ, ಅದು ನನಗೆ ಬೇಕಾದದ್ದೇ. ‘ಶ’ವನ್ನು ಬೇಕೆಂದೇ ಬಿಟ್ಟಿದ್ದೇನೆ: ಹುಟ್ಟಿದಾಗಿನಿಂದ ‘ಸಂಕ್ರ’ ಅಂದವರ ಬಾಯಲ್ಲಿ ‘ಶಂಕರ’ ಬರಲಿಲ್ಲವೆಂದು ಸೆಟ್ಟನ್ನು ಉಜ್ಜುತ್ತ ಕೂತರೆ ಕೆಡುವುದು ಸೆಟ್ಟೇ.

ಉಳಿದ ಸೂಚನೆಗಳಲ್ಲಿ ತೊಡಕು ಕಡಿಮೆ. ರಾತ್ರಿ ತೆಗೆದು ತಣ್ಣೀರಿನಲ್ಲಿ ಮುಳುಗಿಸಿಡಿ, ಒಣಗಲು ಬಿಡಬೇಡಿ, ಬಿಸಿನೀರು ಬೇಡ, ಟೂತ್‌ಪೇಸ್ಟ್ ಬದಲು ಮೆದು ಬ್ರಷ್ಷು ಮತ್ತು ಪಾತ್ರೆ ತೊಳೆಯುವ ಸೋಪುನೀರು. ಮೊದಮೊದಲು ಮುದ್ದೆ, ಮೊಸರನ್ನ. ಮುಂಬಲ್ಲಿನಿಂದ ಕಚ್ಚದೆ ಎರಡೂ ಕಡೆ ಅಗಿಯಿರಿ. ಇಲ್ಲಿ ‘ಅಗಿ’ ಎಂದು ಬರೆಯಲೋ ‘ಜಗಿ’ ಎಂದೋ? ನನ್ನ ಬಳಕೆಯಲ್ಲಿ ಜಗಿಯುವುದು ಎಲೆ ಅಡಿಕೆ, ಅಗಿಯುವುದು ಊಟ.

ಕರಾವಳಿಯವರು, ಕಲಬುರಗಿ ಬೀದರ್ ಕಡೆಯವರು ‘ಹಲ್ಲು ಕಟ್ಟಿಸು’ ನಿಮ್ಮಲ್ಲಿ ನಡೆಯುತ್ತದೆಯೇ, ಇಲ್ಲದಿದ್ದರೆ ಏನನ್ನುತ್ತೀರಿ ಎಂದು ದಯವಿಟ್ಟು ಬರೆಯಿರಿ. ‘ಸ’ ತುಂಬಿದ ವಾಕ್ಯಗಳನ್ನು ಎಲ್ಲರೂ ಕಳಿಸಿ. ಓದು ಬಾರದ ಅಜ್ಜನೂ ಒಮ್ಮೆ ಕೇಳಿ ತಿರುಗಿ ಹೇಳುವಷ್ಟು ಚಿಕ್ಕದಿರಲಿ.